ಗಟ್ಟಿ ಲ್ಯಾಪ್‌ಟಾಪ್‌ನ ಕೆಸರು ತೊಳೆಯುವ ಮುಂಚೆ

ಪ್ರಶ್ನೆ: ಸರ್ವೆ ಕೆಲಸಕ್ಕೆಂದು ಕಚೇರಿಯಿಂದ ರಗ್ಗಡ್ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಮೈಮೇಲೆ ಐಪಿ65 ಎಂದು, ಧೂಳು-ನೀರು ಎಷ್ಟು ತಡೆಯುತ್ತದೆ ಎನ್ನುವ ಗುರುತಿದೆ. ಕೆಸರಾದಾಗ ನಲ್ಲಿ ಕೆಳಗೆ ಹಿಡಿದು ತೊಳೆಯಬಹುದೇ? ಕೈ ಜಾರಿ ಬಿದ್ದರೂ ಏನೂ ಆಗುವುದಿಲ್ಲವೇ? ಇನ್ನೊಂದು ಸಣ್ಣ ವಿಷಯ: ಈಚೆಗೆ ಬ್ಯಾಟರಿ ಬಾಗಿಲನ್ನು ಒತ್ತಿ ಹಿಡಿದರೆ ಮಾತ್ರ ಚಿಲಕ ಬೀಳುತ್ತದೆ.

ಉತ್ತರ: ನೀವು ಸಣ್ಣದು ಅಂದಿದ್ದೇ ಇಲ್ಲಿ ದೊಡ್ಡದು. ದಯವಿಟ್ಟು ಇನ್ನು ಒತ್ತಬೇಡಿ. ಇಂಥ ಯಂತ್ರಗಳ ರಿಪೇರಿಯೇ ನನ್ನ ಕೆಲಸ. ಬಾಗಿಲು ಬಿಗಿಯಾಯಿತು ಅಂದರೆ ನಾನು ಮೊದಲು ನೋಡುವುದು ಬ್ಯಾಟರಿ ಊದಿದೆಯೇ ಅಂತ. ಹೊರಮೈ ಎಷ್ಟೇ ಗಟ್ಟಿಯಿರಲಿ, ಒಳಗಿರುವುದು ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಇರುವ ಲಿಥಿಯಂ ಅಯಾನ್ ಬ್ಯಾಟರಿಯೇ. ಹಳೆಯದಾದಾಗ, ಜಾಸ್ತಿ ಬಿಸಿಯಾದಾಗ ಅದರೊಳಗೆ ಗ್ಯಾಸ್ ತುಂಬಿಕೊಳ್ಳುತ್ತದೆ. ಅದನ್ನು ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಯಂತ್ರ ಆಫ್ ಮಾಡಿ, ಚಾರ್ಜರ್ ಕಳಚಿ. ಬ್ಯಾಟರಿ ಸಲೀಸಾಗಿ ಹೊರಗೆ ಬಂದರೆ ತೆಗೆದು ಸಮತಟ್ಟಾದ ಮೇಜಿನ ಮೇಲಿಡಿ. ಉಬ್ಬಿದ್ದರೆ ಅದನ್ನು ಮತ್ತೆ ಹಾಕಬೇಡಿ. ಸಿಕ್ಕಿಹಾಕಿಕೊಂಡಿದ್ದರೆ ಎಳೆಯದೆ ಸರ್ವಿಸ್‌ನವರಿಗೆ ಕೊಡಿ. ಕಸದ ಬುಟ್ಟಿಗಂತೂ ಬೇಡವೇ ಬೇಡ.

ನೀರಿನ ಪ್ರಶ್ನೆಗೂ ಉತ್ತರ ಇದೇ ಬಾಗಿಲಲ್ಲಿದೆ. ಐಪಿ65ರಲ್ಲಿ 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ. 5 ಅಂದರೆ ಪೈಪಿನಿಂದ ಬಿಟ್ಟ ನೀರನ್ನು ತಡೆಯುತ್ತದೆ. ಮುಳುಗಿಸಬಹುದು ಅಂತಲ್ಲ. 1 ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟು ಪರೀಕ್ಷೆ ಮಾಡುವುದು ಐಪಿ67ಕ್ಕೆ. ಈ ಪರೀಕ್ಷೆಗಳೆಲ್ಲ ನಡೆಯುವುದು ಹೊಸ ಯಂತ್ರದ ಮೇಲೆ, ಎಲ್ಲ ಮುಚ್ಚಳ ಹಾಕಿ, ಸಾದಾ ನೀರಿನಲ್ಲಿ. ನೀರನ್ನು ತಡೆಯುವುದು ಮುಚ್ಚಳದ ಅಂಚಿನ ತೆಳು ರಬ್ಬರ್. ಕುಕ್ಕರ್ ಗ್ಯಾಸ್ಕೆಟ್ ಹಾಗೆಯೇ ಅದೂ ಸವೆಯುತ್ತದೆ, ಬಿರಿಯುತ್ತದೆ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಸಂದಿ ಬಿಡುತ್ತದೆ. ಬ್ಯಾಟರಿ ಒಳಗಿನಿಂದ ಬಾಗಿಲನ್ನು ದೂಡುತ್ತಿದ್ದರೆ ಆ ರಬ್ಬರ್ ಸರಿಯಾಗಿ ಕೂರುವುದೇ ಇಲ್ಲ. ಹಾಗಾಗಿ ಈಗಂತೂ ನೀರು ಬೇಡ. ಬ್ಯಾಟರಿ ಬದಲಾಯಿಸಿ ರಬ್ಬರ್ ನೋಡಿಸಿದ ಮೇಲೂ ನನ್ನ ಮಾತು ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತಲೇ. ಕೆಸರು ಒಣಗಲು ಬಿಡಬೇಡಿ, ಅದು ರಬ್ಬರನ್ನು ತಿನ್ನುತ್ತದೆ. ಜೋರಾಗಿ ನೀರು ಚಿಮ್ಮುವ ವಾಹನ ತೊಳೆಯುವ ಪಂಪ್ ಹತ್ತಿರ ತರಬೇಡಿ. ಉಪ್ಪುನೀರು ಬಿದ್ದರಂತೂ ಸಿಹಿನೀರಿನ ಬಟ್ಟೆಯಿಂದ ಕೂಡಲೇ ಒರೆಸಿ. ಪೋರ್ಟ್‌ಗಳು ಪೂರ್ತಿ ಒಣಗುವ ತನಕ ಚಾರ್ಜರ್ ಚುಚ್ಚಬೇಡಿ.

ಬೀಳುವ ವಿಷಯ. ಇಂಥ ಯಂತ್ರಗಳನ್ನು ಹೆಚ್ಚಾಗಿ ಅಮೆರಿಕದ ಸೇನೆಯ ಎಂಐಎಲ್-ಎಸ್‌ಟಿಡಿ-810 ಕ್ರಮದಲ್ಲಿ ಪರೀಕ್ಷಿಸುತ್ತಾರೆ. ಅದರಲ್ಲಿ 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುವ ಪರೀಕ್ಷೆಯಿದೆ: 6 ಮುಖ, 12 ಅಂಚು, 8 ಮೂಲೆ. ಆದರೆ ಈ 26 ಪೆಟ್ಟನ್ನು 5 ಯಂತ್ರಗಳ ವರೆಗೆ ಹಂಚಲು ಅವಕಾಶವಿದೆ. ನಿಮ್ಮದು ಒಂದೇ ಅಲ್ವಾ? ಜೋರಾಗಿ ಬಿದ್ದಾಗಲೆಲ್ಲ ಮೂಲೆ, ಮುಚ್ಚಳ, ಚಿಲಕ ನೋಡಿಕೊಳ್ಳಿ. ಮೂಲೆ ಸೊಟ್ಟಗಾದರೂ ನೀರು ಒಳಗೆ ಹೋಗಲು ದಾರಿಯಾಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫ್ಯಾನ್ ಇಲ್ಲದ ಮಾದರಿಯಾದರೆ ಒಳಗಿನ ಬಿಸಿ ಲೋಹದ ಮೈಯಿಂದಲೇ ಹೊರಬರಬೇಕು. ತೊಡೆಯ ಮೇಲೆ ತುಂಬ ಹೊತ್ತು ಇಟ್ಟುಕೊಳ್ಳಬೇಡಿ, ಚರ್ಮ ಸುಡುತ್ತದೆ. ಬಿಸಿಲಲ್ಲಿ ನಿಂತ ಜೀಪಿನೊಳಗೆ ಬಿಡಬೇಡಿ. ಪೆಟ್ರೋಲ್ ಆವಿ ಅಥವಾ ಗ್ಯಾಸ್ ಇರುವ ಕಡೆ ಅಳತೆಗೆ ಹೋಗುವುದಿದ್ದರೆ ಐಪಿ65 ನಿಮ್ಮನ್ನು ಕಾಯುವುದಿಲ್ಲ. ಕಿಡಿ ಹಾರದಂತೆ ಮಾಡಿದ, ಅದಕ್ಕೆಂದೇ ಪ್ರಮಾಣಪತ್ರ ಪಡೆದ ಯಂತ್ರವೇ ಬೇರೆ ಇರುತ್ತದೆ. ಅದನ್ನು ಕೊಡಿ ಎಂದು ಕಚೇರಿಯವರನ್ನು ಕೇಳಿ.