1996ರ ಬೆಂಜ್ ಇ220 ಒಳಗಿನ ಮರದ ಪಟ್ಟಿ ಬಿರುಕು ಬಿಟ್ಟಿದೆ. ಬದಲಿಸಬೇಕಾ, ಸರಿ ಮಾಡಬಹುದಾ?

ಬದಲಿಸಬೇಡಿ, ಸರಿ ಮಾಡಿ. ಗೇರ್ ಸುತ್ತಲಿನ ಮರದಲ್ಲಿ ಸಣ್ಣ ಸಣ್ಣ ಬಿರುಕು ಎದ್ದಿದೆ, ಆ್ಯಶ್‌ಟ್ರೇ ಮುಚ್ಚಳ ಬಿಳಚಿಕೊಂಡಿದೆ, ಆದರೆ ಮರ ಎಲ್ಲೂ ಕಿತ್ತುಬಂದಿಲ್ಲ ಅಂತ ಬರೆದಿದ್ದೀರಿ. ಹಾಗಿದ್ದರೆ ಒಡೆದಿರುವುದು ಮರವಲ್ಲ, ಮೇಲಿನ ವಾರ್ನಿಶ್. ಗ್ಯಾರೇಜಿನವರು ಹೇಳಿದರು ಅಂತ ಅದರ ಮೇಲೆ ಮರದ ಡಿಸೈನಿನ ಸ್ಟಿಕ್ಕರ್ ಮಾತ್ರ ಅಂಟಿಸಬೇಡಿ. ಅಷ್ಟು ಒಳ್ಳೆಯ ಮರವನ್ನು ಪ್ಲಾಸ್ಟಿಕ್ ಅಡಿ ಮುಚ್ಚಿಡುವುದು ನಿಜಕ್ಕೂ ಅನ್ಯಾಯ.

ನಿಮ್ಮದು ಡಬ್ಲ್ಯು124, ಅಂದರೆ ಆ ಮಾಡೆಲ್ಲಿಗೆ ಕಂಪನಿ ಇಟ್ಟ ಕೋಡ್ ಹೆಸರು. ಬೆಂಜ್ ಕಂಪನಿ 1995ರಲ್ಲಿ ಪುಣೆಯಲ್ಲಿ ಜೋಡಿಸಲು ಶುರು ಮಾಡಿದ ಕಾರು. ನಮ್ಮ ಮನೆಯಲ್ಲೂ ಅದೇ ಇದೆ, ಈ ಕೆಲಸ ನಾನೇ ಮಾಡಿದ್ದೇನೆ. ನೀವು ಹೇಳಿದ ಗೆರೆಗೆರೆಯ ಮರ ಜೀಬ್ರಾನೊ, ಆಫ್ರಿಕಾದ ಗ್ಯಾಬೊನ್, ಕ್ಯಾಮರೂನ್ ಕಡೆಯದು. ಪಟ್ಟಿ ಪೂರ್ತಿ ಆ ಮರದ್ದಲ್ಲ. ಗಟ್ಟಿ ತಳದ ಮೇಲೆ ಕಾಗದದ ಹಾಗೆ ತೆಳ್ಳಗಿನ ವೆನೀರ್ (ಆ ಮರದ ಹಾಳೆ), ಅದರ ಮೇಲೆ ದಪ್ಪ ವಾರ್ನಿಶ್. ಬಿಸಿಲಿಗೆ ಈ ಮೂರೂ ಒಂದೇ ಸಮ ಹಿಗ್ಗುವುದಿಲ್ಲ. ಬಿಸಿಲು ತಿಂದು ಪೆಡಸಾದ ವಾರ್ನಿಶ್ ಮೊದಲು ಸೀಳುತ್ತದೆ.

ಬಿಚ್ಚುವ ಮುಂಚೆ ಬ್ಯಾಟರಿ ವೈರ್ ತೆಗೆಯಿರಿ, ಎಲ್ಲ ಕಡೆಯಿಂದ ಫೋಟೋ ಹೊಡೆದುಕೊಳ್ಳಿ. ಆ್ಯಶ್‌ಟ್ರೇ ಹೊರಗೆ ಎಳೆದರೆ ಒಳಗೆ ಸ್ಕ್ರೂಗಳು ಕಾಣುತ್ತವೆ. ಹಳೇ ಪ್ಲಾಸ್ಟಿಕ್ ಕ್ಲಿಪ್ಪುಗಳ ಮೇಲೆ ಬಲ ಹಾಕಬೇಡಿ.

ಇಡೀ ಕೆಲಸದಲ್ಲಿ ಜಾಸ್ತಿ ತಾಳ್ಮೆ ಬೇಕಾಗುವುದು ವಾರ್ನಿಶ್ ಎಬ್ಬಿಸುವಾಗ. ಮೊದಲು ಡ್ಯಾಶ್‌ಬೋರ್ಡ್ ಪಾಲಿಶ್‌ನ ಸಿಲಿಕಾನ್ ಜಿಡ್ಡನ್ನು ಚೆನ್ನಾಗಿ ಒರೆಸಿ. ಅದು ಉಳಿದರೆ ಹೊಸ ಕೋಟ್ ಮೇಲೆ ಗುಳಿ ಗುಳಿ ಬೀಳುತ್ತದೆ. ಆಮೇಲೆ ಹೀಟ್ ಗನ್ನನ್ನು ಸ್ವಲ್ಪ ದೂರ ಹಿಡಿದು, ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಾ, ಮೊಂಡು ಸ್ಕ್ರೇಪರ್‌ನಿಂದ ಮರದ ಗೆರೆಯ ದಿಕ್ಕಿನಲ್ಲೇ ಮೆಲ್ಲಗೆ ತಳ್ಳಿ. ವಾರ್ನಿಶ್ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬಿಸಿ ಅತಿಯಾದರೆ ವೆನೀರಿನ ಕೆಳಗಿನ ಅಂಟೂ ಬಿಡುತ್ತದೆ. ಉಳಿದದ್ದನ್ನು ಕೈಯಲ್ಲೇ ಉಜ್ಜಿ, 240 ನಂಬರಿನ ಸ್ಯಾಂಡ್‌ಪೇಪರಿನಿಂದ ಶುರು ಮಾಡಿ. ಮಷೀನ್ ಖಂಡಿತ ಬೇಡ. ವೆನೀರ್ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು ಅಷ್ಟೆ. ಅಂಚಿನಲ್ಲಿ ಒಮ್ಮೆ ತಳ ಕಂಡರೆ ಮುಚ್ಚುವುದು ಕಷ್ಟ.

ಹೊಸ ಪಾಲಿಶ್ ಯಾವುದು? ನಮ್ಮ ಬಡಗಿಗಳಲ್ಲಿ ಹಲವರು ಫ್ರೆಂಚ್ ಪಾಲಿಶ್ ಹೇಳುತ್ತಾರೆ. ಮನೆಯ ಮೇಜಿಗೆ ಅದು ಸೊಗಸು. ಕಾರಿಗೆ ಆಗಲ್ಲ, ಯಾಕೆಂದರೆ ಅದು ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹತ್ತಿಸುವುದೇ ತಿರುಗಣಿಯ ಉಜ್ಜಾಟದ ಬಿಸಿಗೆ ಅರಗು ಕರಗುವುದರಿಂದ, ಅಲ್ವಾ? ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅದು ಮೆತ್ತಗಾಗುತ್ತದೆ. ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಪಿಯು ಕ್ಲಿಯರ್, ಅಂದರೆ ಪಾಲಿಯುರಿಥೇನ್‌ನ ಬಣ್ಣವಿಲ್ಲದ ವಾರ್ನಿಶ್ ತೆಗೆದುಕೊಳ್ಳಿ, ಬಿಸಿಲು ತಡೆಯುವಂಥದ್ದು ಅಂತ ಕೇಳಿ. ತೆಳ್ಳಗೆ ಹಲವು ಕೋಟ್ ಹೊಡೆಯಿರಿ, ನಡುವೆ ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಕೊನೆಗೆ 2000 ನಂಬರ್, ಆಮೇಲೆ ರಬ್ಬಿಂಗ್ ಕಾಂಪೌಂಡ್. ಆ ಹಾರ್ಡನರ್ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಸಾಲದು, ಪೇಂಟರ್‌ಗಳು ಹಾಕುವ ಫಿಲ್ಟರ್ ಮಾಸ್ಕ್ ಬೇಕು. ಇಲ್ಲವಾದರೆ ಸ್ಪ್ರೇ ಮಾಡುವುದನ್ನು ಕಾರ್ ಪೇಂಟ್ ಅಂಗಡಿಗೆ ಕೊಟ್ಟುಬಿಡಿ. ಮಳೆಗಾಲದಲ್ಲಿ ಮಾಡಲೇಬೇಡಿ. ಹಾರ್ಡನರ್ ಗಾಳಿಯ ತೇವದ ಜೊತೆ ಸೇರಿ ಗುಳ್ಳೆ ಏಳಿಸುತ್ತದೆ. ಅಂಚಿನಲ್ಲಿ ಕೋಟ್ ದಪ್ಪವಾದರೆ ಮುಚ್ಚಳ ಸಿಕ್ಕಿಕೊಳ್ಳುತ್ತದೆ, ಸ್ವಿಚ್ ಕೂರುವುದಿಲ್ಲ. ಅಲ್ಲಿ ಟೇಪ್ ಹಾಕಿಕೊಳ್ಳಿ.

ವಾರ್ನಿಶ್ ತೆಗೆದ ಮೇಲೆ ವೆನೀರೇ ಸೀಳಿದ್ದು ಕಂಡರೆ ಆಗ ಹೊಸ ವೆನೀರ್ ಹಾಕಿ. ಒಂದೇ ತುಂಡನ್ನು ಬದಲಿಸಿದರೆ ಬಣ್ಣ ಹೊಂದುವುದಿಲ್ಲ, ಪಕ್ಕಪಕ್ಕದ ತುಂಡುಗಳನ್ನೆಲ್ಲ ಒಂದೇ ಹಾಳೆಯಿಂದ ಕತ್ತರಿಸಿ, ಗೆರೆ ಒಂದರಿಂದ ಇನ್ನೊಂದಕ್ಕೆ ಹರಿಯುವ ಹಾಗೆ. ಬೀಟೆ ಮರ ಇಷ್ಟ ಅಂತ ಬರೆದಿದ್ದೀರಿ. ಬೀಟೆ ನನಗೂ ಇಷ್ಟ, ಮೈಸೂರಿನಲ್ಲಿ ಬೀಟೆಯ ಕುಸುರಿ ಮಾಡುವವರ ಕೈಗೆ ಕೊಟ್ಟರೆ ವೆನೀರನ್ನು ಕೂದಲೆಳೆಯ ಸಂದಿಲ್ಲದೆ ಕೂರಿಸಬಲ್ಲರು. ಆದರೆ ಈ ಕಾರಿಗೆ ಜೀಬ್ರಾನೊನೇ ಚೆಂದ ಅನ್ನುವುದು ನನ್ನ ಅಭಿಪ್ರಾಯ.

ಅಂಟಿನ ಮಾತು ಬಾಕಿ. ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ, ತಳ ಲೋಹದ್ದಾಗಿದ್ದರೆ ಹಿಡಿಯುವುದೂ ಇಲ್ಲ. ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ವಾಸಿ. ಪಟ್ಟಿ ಬಿಚ್ಚಿದಾಗ ಹಿಂಬದಿಯ ಫೋಟೋ ಇಲ್ಲಿ ಹಾಕಿ. ತಳ ಪ್ಲೈವುಡ್ಡೋ ಅಲ್ಯೂಮಿನಿಯಮ್ಮೋ ಗೊತ್ತಾದರೆ ಒತ್ತಿ ಕೂರಿಸುವುದು ಹೇಗೆ ಅಂತ ಹೇಳುತ್ತೇನೆ.