ಮಗುವಿಗಾಗಿ ಮನೆಗೆ ಬರುವ ಕಾರ್ಯಕರ್ತೆಯನ್ನು ಒಪ್ಪಿಕೊಳ್ಳಲಾ?

ಮಗುವಿಗೆ ಹತ್ತು ತಿಂಗಳು, ವಾರಕ್ಕೊಮ್ಮೆ ಒಬ್ಬರು ಮನೆಗೆ ಬಂದು ಮಗುವನ್ನು ಆಡಿಸುವ ಬಗೆ ಹೇಳಿಕೊಡುತ್ತಾರಂತೆ, ಆದರೆ ನಮ್ಮ ಮನೆ ನೋಡಿ ಏನಂದುಕೊಳ್ಳುತ್ತಾರೋ ಅಂತ ಅಳುಕು ಎಂದು ಬರೆದಿದ್ದೀರಿ. ನಾನು ಆ ಕೆಲಸವನ್ನೇ ಮಾಡುವವಳು. ಒಪ್ಪಿಕೊಳ್ಳಿ ಅಂತಲೇ ಹೇಳುತ್ತೇನೆ.

ತೊಳೆಯದ ಪಾತ್ರೆ, ಮಡಚದ ಬಟ್ಟೆ ಯಾವುದೂ ನಮಗೆ ಲೆಕ್ಕಕ್ಕಿಲ್ಲ. ಪುಟ್ಟ ಮಗು ಇರುವ ಮನೆ ಹಾಗೇ ಇರುತ್ತದೆ ಅಲ್ವಾ? ಮಗು ಸದ್ದು ಮಾಡಿದಾಗ ನೀವು ತಿರುಗಿ ಮಾತಾಡುತ್ತೀರಾ, ಅದು ಕೈ ಚಾಚಿದ ಕಡೆ ನೋಡುತ್ತೀರಾ, ನಮ್ಮ ಗಮನ ಅಲ್ಲಿರುತ್ತದೆ.

ಬಂದವಳು ನೆಲದ ಮೇಲೆ ಕೂರುತ್ತೇನೆ. ಒಂದು ಡಬ್ಬಿ, ಅದರೊಳಗೆ ಹಾಕಿ ತೆಗೆಯಲು ನಾಲ್ಕು ದೊಡ್ಡ ಮುಚ್ಚಳ. ಅದನ್ನು ಮಗುವಿನ ಕೈಗೆ ಕೊಡುವುದಿಲ್ಲ, ಅಮ್ಮನ ಕೈಗೆ ಕೊಡುತ್ತೇನೆ. ಶುರುವಿನಲ್ಲಿ ನನಗೆ ಇದು ಗೊತ್ತಿರಲಿಲ್ಲ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ನಾನೇ ಆಡಿಸುತ್ತಿದ್ದೆ. ಅಮ್ಮ ಪಕ್ಕದಲ್ಲಿ ಸುಮ್ನೆ ನೋಡುತ್ತಾ ಕೂತಿರುತ್ತಿದ್ದರು. ಮಗುವೇನೋ ನಗುತ್ತಿತ್ತು, ಆದರೆ ಮುಂದಿನ ವಾರ ಹೋದಾಗ ಡಬ್ಬಿ ಇಟ್ಟಲ್ಲೇ ಇರುತ್ತಿತ್ತು. ನಾನು ವಾರಕ್ಕೆ ಒಂದು ಗಂಟೆ ಬರುವವಳು. ಉಳಿದ ಹೊತ್ತೆಲ್ಲ ಮಗು ಇರುವುದು ನಿಮ್ಮ ಜೊತೆ.

ಉಪಯೋಗ ಇದೆಯಾ ಅಂತಲೂ ಕೇಳಿದ್ದೀರಿ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂತಮ್-ಮ್ಯಾಕ್‌ಗ್ರೆಗರ್ ಎಂಬ ಸಂಶೋಧಕಿ ಮತ್ತು ಜೊತೆಗಾರರು, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 9ರಿಂದ 24 ತಿಂಗಳ ಮಕ್ಕಳ ಮನೆಗಳಿಗೆ ಕಾರ್ಯಕರ್ತೆಯರನ್ನು ಕಳಿಸಿದರು. ವಾರಕ್ಕೆ ಒಂದು ಗಂಟೆ, ಎರಡು ವರ್ಷ. ಆಟಿಕೆಗಳೂ ಮನೆಯ ಸಾಮಾನಿನಿಂದಲೇ ಮಾಡಿದಂಥವು. 20 ವರ್ಷದ ಮೇಲೆ ನೋಡಿದಾಗ, ಆ ಮಕ್ಕಳ ಸಂಪಾದನೆ ಭೇಟಿ ಸಿಗದೇ ಹೋದವರಿಗಿಂತ ಸುಮಾರು ಶೇ. 25ರಷ್ಟು ಜಾಸ್ತಿ ಇತ್ತು. ಎಲ್ಲ ಕಡೆಯೂ ಇಷ್ಟು ದೊಡ್ಡ ಫಲ ಸಿಕ್ಕಿಲ್ಲ, ಅದನ್ನೂ ಹೇಳಬೇಕು.

ಒಪ್ಪುವ ಮೊದಲು ಕೆಲವು ವಿಷಯ ಕೇಳಿಕೊಳ್ಳಿ. ಪ್ರತಿ ಸಲ ಅದೇ ಕಾರ್ಯಕರ್ತೆ ಬರುತ್ತಾರಾ? ಏನು ಬರೆದುಕೊಳ್ಳುತ್ತಾರೆ, ಅದನ್ನು ಯಾರು ನೋಡುತ್ತಾರೆ? ಬೇಡ ಅನಿಸಿದರೆ ನಿಲ್ಲಿಸಬಹುದಾ? ಮೊದಲನೆಯದು ನನ್ನ ಪ್ರಕಾರ ತುಂಬಾ ಮುಖ್ಯ. ಮುಖ ಬದಲಾಗುತ್ತಲೇ ಇದ್ದರೆ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಮಗುವನ್ನು ನೋಡಿಕೊಳ್ಳುವ ಅಪ್ಪ, ಅಜ್ಜಿ ಯಾರಿದ್ದರೂ ಜೊತೆಗೆ ಕೂರಲಿ.

ಮಗು ಎಚ್ಚರ ಇರುವ ಸಮಯಕ್ಕೇ ಬರಲು ಹೇಳಿ. ಅಷ್ಟರಲ್ಲಿ ಮಲಗಿಬಿಟ್ಟರೆ ಎಬ್ಬಿಸಬೇಡಿ. ಆ ದಿನ ನಿಮ್ಮ ಜೊತೆ ಮಾತಾಡುತ್ತಾರೆ.