ಸ್ವಂತ ದೋಣಿಯೋ, ಕ್ಲಬ್ಬೋ: ಮಾತು ಬಿಟ್ಟ ಅಣ್ಣ–ತಂಗಿ

(ಗುರುತು ಸಿಗದಂತೆ ವಯಸ್ಸು ಮತ್ತು ಕೌಟುಂಬಿಕ ವಿವರಗಳನ್ನು ಬದಲಿಸಲಾಗಿದೆ.)

ಅಣ್ಣನಿಗೆ 49, ತಂಗಿಗೆ 43. ದೋಣಿಗೆಂದೇ ಇಬ್ಬರೂ ನಾಲ್ಕು ವರ್ಷ ಕೂಡಿಟ್ಟ ಹಣ ಒಂದೇ ಖಾತೆಯಲ್ಲಿದೆ. ಅಣ್ಣ 8 ವರ್ಷ ಹಳೆಯದಾದ, 21 ಅಡಿಯ ಫೈಬರ್ ದೋಣಿಗೆ ಮುಂಗಡ ಕೊಡಲು ಹೊರಟಿದ್ದರು. ಅಷ್ಟರಲ್ಲಿ ತಂಗಿ, ಚಂದಾ ಕಟ್ಟಿದ ಸದಸ್ಯರು ಕ್ಲಬ್ಬಿನ ದೋಣಿಗಳನ್ನೇ ಬುಕ್ ಮಾಡಿ ಒಯ್ಯುವ ಬೋಟ್ ಕ್ಲಬ್ಬಿನ ಸದಸ್ಯತ್ವದ ಅರ್ಜಿ ತುಂಬಿಟ್ಟಿದ್ದರು. ಸಲಹೆಗೆ ಬರುವ ಹೊತ್ತಿಗೆ ಆರು ವಾರದಿಂದ ಮಾತಿಲ್ಲ.

"ಬಾಡಿಗೆ ಮನೇಲಿ ಒಂದು ಮೊಳೆ ಹೊಡೆಯೋಕೂ ಕೇಳಬೇಕು ಕಣಮ್ಮ, ಕ್ಲಬ್ಬೂ ಹಾಗೇ," ಎಂದರು ಅಣ್ಣ. "ಮೊಳೆ ಹೊಡೆಯೋದು ನೀನು, ಸೋರಿದ್ದನ್ನ ಒರೆಸೋದು ನಾನು," ಎಂದರು ತಂಗಿ. ಇದು ಬರೀ ಚುಚ್ಚುಮಾತಲ್ಲ. ದೋಣಿ ನಿಲ್ಲಬೇಕಾಗಿದ್ದದ್ದು ತಂಗಿಯ ಮನೆಯಂಗಳದಲ್ಲಿ. ಜಂಟಿ ದೋಣಿಯ ಚಾಕರಿ ಅದು ಯಾರ ಕಣ್ಣೆದುರಿಗಿರುತ್ತದೋ ಅವರ ತಲೆಗೇ ಬರುತ್ತದೆ.

ಮೊದಲು ಕೊಟ್ಟ ಕೆಲಸ ಹಣದ ಲೆಕ್ಕವಲ್ಲ. ಕಳೆದ 12 ತಿಂಗಳಲ್ಲಿ ಸ್ನೇಹಿತರದೋ ಬಾಡಿಗೆಯದೋ ದೋಣಿಯಲ್ಲಿ ನಿಜವಾಗಿ ಹೋದ ದಿನಗಳನ್ನು ಇಬ್ಬರೂ ಬೇರೆ ಬೇರೆಯಾಗಿ ಬರೆದು ತರಬೇಕಿತ್ತು: ಯಾವ ವಾರ, ದಡ ಬಿಟ್ಟದ್ದು ಎಷ್ಟು ಗಂಟೆಗೆ, ಎಷ್ಟು ಜನ, ಎಷ್ಟು ಹೊತ್ತು. "ಹೋಗಬೇಕು ಅಂತಿದ್ದೆ" ಅನ್ನುವ ದಿನಗಳನ್ನು ಸೇರಿಸುವಂತಿಲ್ಲ. ವರ್ಷಕ್ಕೆ ಮೂವತ್ತು ದಿನವಾದರೂ ಆಗುತ್ತದೆ ಎಂದಿದ್ದ ಅಣ್ಣನ ಪಟ್ಟಿಯಲ್ಲಿ ಇದ್ದದ್ದು 11. ಅಷ್ಟೂ ದಿನ ಬೆಳಗಿನ ಆರಕ್ಕೆ ಮೊದಲೇ ಹೊರಟದ್ದು, ಒಬ್ಬರೇ ಅಥವಾ ಇನ್ನೊಬ್ಬರ ಜೊತೆ, ಮೀನಿಗೆ. ತಂಗಿಯದು 6 ದಿನ, ಎಲ್ಲವೂ ಶನಿವಾರ–ಭಾನುವಾರದ ಮಧ್ಯಾಹ್ನ, ಮಕ್ಕಳೂ ಸೇರಿ ಐದಾರು ಜನ. ಇಬ್ಬರೂ ಒಟ್ಟಿಗೆ ಹೋದ ದಿನ ಒಂದೂ ಇಲ್ಲ. ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಮೇಲೆ ಕ್ಲಬ್ಬಿನ ಕರಾರನ್ನು ಸಾಲು ಸಾಲಾಗಿ ಓದಲಾಯಿತು. ಪ್ರವೇಶ ಶುಲ್ಕ ವಾಪಸ್ಸಿಲ್ಲ, ದೋಣಿ ಇಳಿಸದ ತಿಂಗಳಿಗೂ ಮಾಸಿಕ ಚಂದಾ ಕಟ್ಟಬೇಕು, ಪೆಟ್ರೋಲ್ ಸದಸ್ಯರದೇ. ಒಮ್ಮೆಗೆ ನಾಲ್ಕು ಮುಂಗಡ ಬುಕಿಂಗ್, ಅದರಲ್ಲಿ ವಾರಾಂತ್ಯದ್ದು ಒಂದೇ. ದೋಣಿ ಕೈಗೆ ಸಿಗುವುದು ಬೆಳಿಗ್ಗೆ 9ಕ್ಕೆ, ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಕಟ್ಟೆಗೆ ತಂದು ಕಟ್ಟಿರಬೇಕು. ಆರಕ್ಕೇ ನೀರಿನಲ್ಲಿರಬೇಕೆನ್ನುವ ಅಣ್ಣನಿಗೆ ಈ ಕ್ಲಬ್ಬು ಎಷ್ಟು ಅಗ್ಗವಾದರೂ ದಂಡವೇ. ತಂಗಿಗೆ ಎರಡು ವಿಷಯ ವಿಚಾರಿಸಿ ಬರಲು ಹೇಳಲಾಯಿತು. ಸದಸ್ಯರ ಸಂಖ್ಯೆಯನ್ನು ಈಗ ನೀರಿನಲ್ಲಿ ಓಡುತ್ತಿರುವ ದೋಣಿಗಳಿಂದ ಭಾಗಿಸಿದರೆ ಎಷ್ಟು? (ರಿಪೇರಿಗೆ ದಡದಲ್ಲಿ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯಬಾರದು.) ಪ್ರೊಪೆಲ್ಲರ್ ಕಲ್ಲಿಗೆ ಬಡಿದರೆ ವಿಮೆ ಹೊರುವುದೆಷ್ಟು, ಸದಸ್ಯರ ಜೇಬಿನಿಂದ ಹೋಗುವುದೆಷ್ಟು? ಜೊತೆಗೆ, ಮೂರು ವಾರ ಮುಂದಿನ ಶನಿವಾರದ ಬುಕಿಂಗ್ ಪರದೆಯನ್ನು ತೋರಿಸಿ ಎಂದು ಕೇಳಬೇಕು. ಅದು ಆಗಲೇ ತುಂಬಿದ್ದರೆ ಮಾರಾಟದವರ ಉಳಿದ ಮಾತು ಕೇಳುವ ಅಗತ್ಯವಿಲ್ಲ.

ಇನ್ನು 21 ಅಡಿಯ ದೋಣಿ. ಮಾರುವವರು ಹೇಳಿದ ತೂಕ 1,050 ಕಿಲೋ, ಅದು ದೋಣಿಯ ಖಾಲಿ ಒಡಲಿನದು ಮಾತ್ರ. ಎಂಜಿನ್ 190, ಪೆಟ್ರೋಲ್ 150 ಲೀಟರಿಗೆ ಸುಮಾರು 110, ಬ್ಯಾಟರಿ–ಲಂಗರು–ಹಗ್ಗ–ಜಾಕೆಟ್ 120, ಟ್ರೇಲರ್ 380: ಒಟ್ಟು 1,850. ಅಣ್ಣನ ಕಾರು ಎಳೆಯಬಹುದಾದ ಗರಿಷ್ಠ ಮಿತಿ 1,600. ಹೊಸ ಕಾರನ್ನೂ ಈ ದೋಣಿಯ ಬೆಲೆಗೆ ಸೇರಿಸಿಕೊಳ್ಳಬೇಕು ಎಂದಾಗ ಅವರ ಮುಖ ಸಪ್ಪಗಾಯಿತು.

ವರ್ಷದ ಖರ್ಚು ಖರೀದಿ ಬೆಲೆಯ ಶೇ. 10 ಎಂಬ ವಾಡಿಕೆಯ ಲೆಕ್ಕವನ್ನು ಅವರು ಹಿಡಿದುಕೊಂಡಿದ್ದರು. ಹಳೆಯ ದೋಣಿಗೆ ಇದು ಮೋಸದ ಲೆಕ್ಕ: ದೋಣಿಯ ಬೆಲೆ ಅರ್ಧಕ್ಕಿಳಿದರೂ ಬಿಡಿಭಾಗದ ಬೆಲೆ, ಮೆಕ್ಯಾನಿಕ್ಕಿನ ಕೂಲಿ ಇಳಿಯುವುದಿಲ್ಲ. ಕಡಿಮೆ ಓಡಿಸಿದರೆ ಕಡಿಮೆ ಖರ್ಚು ಎನ್ನುವುದೂ ತಪ್ಪು. 11 ದಿನಕ್ಕೆ ಮೂರು ಗಂಟೆಯಂತೆ ಎಂಜಿನ್ ಓಡುವುದು 33 ಗಂಟೆ. ಆದರೆ ಸರ್ವಿಸ್ ಸಾಮಾನ್ಯವಾಗಿ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಎಂಜಿನ್ ಆಯಿಲ್, ಗೇರ್ ಆಯಿಲ್, ಇಂಧನದ ಫಿಲ್ಟರ್, ತುಕ್ಕನ್ನು ತಾನು ಹೊತ್ತು ಸವೆಯುವ ಸತುವಿನ ತುಂಡುಗಳು, ಎಲ್ಲವನ್ನೂ ನೋಡಲೇಬೇಕು. ನಿಂತ ದೋಣಿ ನಿಂತಲ್ಲೇ ಕೆಡುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ತಂಪಿನ ನೀರು ಎಳೆಯುವ ಇಂಪೆಲ್ಲರಿನ ರಬ್ಬರ್ ಎಸಳು ಬಾಗಿದಲ್ಲೇ ಸೆಟೆಯುತ್ತದೆ, ಚಾರ್ಜ್ ಇಳಿದು ಹಾಗೇ ಬಹುಕಾಲ ಬಿಟ್ಟ ಬ್ಯಾಟರಿ ಮತ್ತೆ ಪೂರ್ತಿ ಚೇತರಿಸಿಕೊಳ್ಳದಿರಬಹುದು.

ಹೋಲಿಕೆಗೆ ಕೊಟ್ಟ ಸೂತ್ರ ಹೀಗಿತ್ತು. ಕ್ಲಬ್ಬಿಗೆ: ಪ್ರವೇಶ ಶುಲ್ಕವನ್ನು ಉಳಿಯುವ ವರ್ಷಗಳಿಂದ ಭಾಗಿಸಿ, 12 ತಿಂಗಳ ಚಂದಾ ಕೂಡಿ. ಸ್ವಂತಕ್ಕೆ: ವರ್ಷದಲ್ಲಿ ಇಳಿಯುವ ಬೆಲೆ, ವಿಮೆ, ನಿಲ್ಲಿಸುವ ಜಾಗ, ಸರ್ವಿಸ್, ರಿಪೇರಿಗೆ ಎತ್ತಿಡುವ ಹಣ. ಎರಡನ್ನೂ ಪಟ್ಟಿಯಲ್ಲಿರುವ ದಿನಗಳಿಂದ ಭಾಗಿಸಿ. ಪೆಟ್ರೋಲ್ ಎರಡು ಕಡೆಯೂ ಇರುವುದರಿಂದ ಬಿಡಿ.

ಸಲಹೆ ನೇರವಾಗಿತ್ತು: ಹಣ ಒಂದೇ ಖಾತೆಯಲ್ಲಿತ್ತೆಂದು ಪ್ರಶ್ನೆಯೂ ಒಂದೇ ಆಗಿಬಿಟ್ಟಿದೆ, ಖಾತೆ ಒಡೆಯಿರಿ. ತಂಗಿ ಒಂದು ಹಂಗಾಮಿನ ಮಟ್ಟಿಗೆ ಕ್ಲಬ್ಬು ಸೇರಲಿ. ಅಣ್ಣ 14 ಅಡಿಯ ಅಲ್ಯೂಮಿನಿಯಂ ದೋಣಿ, 20 ಅಶ್ವಶಕ್ತಿಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್) ನೋಡಲಿ. ಟ್ರೇಲರ್ ಸೇರಿ 400 ಕಿಲೋ ದಾಟದು, ಅವರ ಅಂಗಳದಲ್ಲೇ ನಿಲ್ಲುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಬೇಕು, ಹಾಲು ಬಣ್ಣವಿದ್ದರೆ ಸೀಲು ಹೋಗಿ ನೀರು ಹೊಕ್ಕಿದೆ ಎಂದರ್ಥ. ಸಿಲಿಂಡರುಗಳ ಕಂಪ್ರೆಶನ್ (ಒಳಗಿನ ಒತ್ತಡ) ಒಂದಕ್ಕೊಂದು ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ತೋರಬಾರದು. ಎಂಜಿನ್ ಕೂರುವ ಹಿಂದಿನ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಮಂಕು ಸದ್ದು ಬಂದರೆ ಒಳಗಿನ ಮರ ಕೊಳೆತಿರಬಹುದು. ನೀರಿನಲ್ಲಿ ಓಡಿಸಿ ನೋಡದೆ ಮುಂಗಡ ಬೇಡ.

"ಹಾಗಾದರೆ ನಾವಿಬ್ಬರೂ ಸೇರಿ ಮಾಡೋದು ಏನೂ ಇಲ್ಲವಾ?" ಎಂದು ಅಣ್ಣ ಕೇಳಿದರು. ನಿಜವಾದ ನೋವು ಇದ್ದದ್ದು ಇಲ್ಲಿ. ಅದಕ್ಕೆ ದೋಣಿ ಕೊಂಡರೆ ಪರಿಹಾರ ಸಿಗದು. ಕ್ಲಬ್ಬಿನ ದೋಣಿಯಲ್ಲಿ ಸದಸ್ಯರ ಜೊತೆ ಬೇರೆಯವರೂ ಹತ್ತಬಹುದು ಎಂಬ ಸಾಲು ಕರಾರಿನಲ್ಲೇ ಇತ್ತು. ತಿಂಗಳಿಗೊಂದು ದಿನ ತಂಗಿ ಕರೆಯಲಿ, ಅಣ್ಣ ಹತ್ತಲಿ ಎಂದು ಹೇಳಲಾಯಿತು. ಆ ದಿನ ಎಂಜಿನ್ ಮುಚ್ಚಳ ತೆಗೆಯಬಾರದೆಂಬ ಷರತ್ತನ್ನು ತಂಗಿ ಸೇರಿಸಿದರು.

ಏಳು ತಿಂಗಳ ಮೇಲೆ ಮತ್ತೆ ಬಂದರು. ಶನಿವಾರ ಸಿಗುವುದು ಕಷ್ಟವೆಂದು ತಂಗಿ ಶುಕ್ರವಾರದ ಮಧ್ಯಾಹ್ನಕ್ಕೆ ಸರಿದಿದ್ದಾರೆ, 9 ಸಲ ಹೋಗಿದ್ದಾರೆ. ಅಣ್ಣ ಚಿಕ್ಕ ದೋಣಿ ಕೊಂಡು, ಮೊದಲ ದಿನವೇ ತಳದಲ್ಲಿ ನೀರು ಬಸಿಯುವ ತೂತಿನ ಬಿರಡೆ, ಅಂದರೆ ಡ್ರೈನ್ ಪ್ಲಗ್, ಹಾಕದೆ ಇಳಿಸಿ, ಕಾಲು ತೋಯ್ದ ಮೇಲೆ ಎಚ್ಚೆತ್ತಿದ್ದಾರೆ. ಈಗ ಪ್ಲಗ್ಗನ್ನು ಕಾರಿನ ಕೀಲಿಗೊಂಚಲಿಗೇ ಕಟ್ಟಿಕೊಂಡಿದ್ದಾರೆ. ಈ ಸಲ ಬಂದ ಪ್ರಶ್ನೆ, ಅಣ್ಣನ ದೋಣಿಯನ್ನು ತಂಗಿ ಒಂದು ದಿನ ಒಯ್ಯಬಹುದೇ ಎಂಬುದು. ವಿಮಾಪತ್ರದಲ್ಲಿ ಯಾರು ಓಡಿಸಬಹುದೆಂದು ಬರೆದಿದೆಯೋ ಅದನ್ನು ಮೊದಲು ನೋಡಿ, ತಂಗಿಯ ಹೆಸರು ಸೇರಿಸಿದ ಮೇಲೆ ಕೀಲಿ ಕೊಡಿ ಎಂದು ಹೇಳಲಾಯಿತು.